ಬಿಸಿಲಿಗೆ ನಿಲ್ಲದ ಗಬ್ಬ
ಪಶುವೈದ್ಯರ ಪ್ರಶ್ನೋತ್ತರ

ಪ್ರಶ್ನೆ: ನಮ್ಮದು ಎಚ್.ಎಫ್. ಮಿಶ್ರತಳಿ ಹಸು, ಎರಡು ಕರು ಹಾಕಿದೆ. ಮಾರ್ಚ್‌ನಿಂದ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತಿದೆ. ಗೊಡ್ಡು ಬಿತ್ತು, ಮಾರಿಬಿಡು ಅನ್ನುತ್ತಾರೆ. ಏನು ಮಾಡಲಿ?
— ರೈತರೊಬ್ಬರು, ಕೊಕ್ಕನೂರು, ಹರಿಹರ ತಾಲ್ಲೂಕು

ಉತ್ತರ: ಮಾರಬೇಡಿ. ಬೆದೆಯ ಲೋಳೆ ತಿಳಿಯಾಗಿದೆಯೇ ನೋಡಿ. ಕೀವು ಬೆರೆತಿದ್ದರೆ ಗರ್ಭಕೋಶದ ಸೋಂಕು, ಅದಕ್ಕೆ ಚಿಕಿತ್ಸೆ ಬೇಕು. ತಿಳಿಯಾಗಿದ್ದರೆ ಬಿಸಿಲಿನ ಮೇಲೆ ಅನುಮಾನ ಪಡಬೇಕು.

ಹಸುವಿನ ಮೈ ಬಿಸಿ ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್. ಅದು 102.5 ದಾಟಿದರೆ ಗಬ್ಬ ನಿಲ್ಲುವ ಸಾಧ್ಯತೆ ಕುಗ್ಗುತ್ತದೆ. ಹೆಚ್ಚು ಹಾಲು ಕೊಡುವ ಹಸುವಿನ ಒಡಲಲ್ಲೇ ಶಾಖ ಜಾಸ್ತಿ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತಕ್ಕೆ ನೀರು ನಿಂತಾಗ ಗಾಳಿಯಲ್ಲಿ ತೇವ ಏರಿ, ಬೆವರು ಆರುವುದಿಲ್ಲ.

ಗಂಡಾಂತರ ಇರುವುದು ಗರ್ಭಧಾರಣೆಯಾದ ಮೊದಲ ಮೂರು ದಿನಗಳಲ್ಲಿ. ಆಗ ಭ್ರೂಣ ಇನ್ನೂ ಅಂಡನಾಳದಲ್ಲಿರುತ್ತದೆ. ಎಂಟು-ಹದಿನಾರು ಜೀವಕೋಶಗಳಾಗುವ ತನಕ ಅದರ ಸ್ವಂತ ವಂಶವಾಹಿಗಳು ಪೂರ್ತಿ ಎಚ್ಚೆತ್ತಿರುವುದಿಲ್ಲ. ಶಾಖದಿಂದ ಕಾಯುವ ಪ್ರೋಟೀನುಗಳನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಅಷ್ಟರಲ್ಲೇ ಸತ್ತರೆ ಹಸು 21ಕ್ಕೆ ಸರಿಯಾಗಿ ಬೆದೆಗೆ ಬರುತ್ತದೆ, ಗಬ್ಬ ಕಟ್ಟಲೇ ಇಲ್ಲ ಅಂದುಕೊಳ್ಳುತ್ತೇವೆ. ಮೂವತ್ತು-ನಲವತ್ತು ದಿನಕ್ಕೆ ಬಂದರೆ, ನಿಂತ ಗಬ್ಬ ಆಮೇಲೆ ಹೋಗಿರಬಹುದು. ಏಳು ದಿನದ ಭ್ರೂಣವನ್ನೇ ವರ್ಗಾಯಿಸಿದಾಗ ಬೇಸಿಗೆಯಲ್ಲೂ ಗಬ್ಬ ಚೆನ್ನಾಗಿ ನಿಲ್ಲುವುದಕ್ಕೆ ಕಾರಣ ಇದೇ: ಎಳೆಯ ದಿನಗಳನ್ನು ಅದು ದಾಟಿರುತ್ತದೆ.

ಹೀಗೆ ಮಾಡಿ. ಬೆದೆ ಕಂಡ ದಿನದಿಂದ ಕನಿಷ್ಠ ಒಂದು ವಾರ ಹಗಲಲ್ಲಿ ಮೂರ್ನಾಲ್ಕು ಸಲ ಮೈ ನೆನೆಸಿ ಫ್ಯಾನ್ ಹಾಕಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಸುರಿಯುವುದಷ್ಟೇ ಆದರೆ ಸೆಕೆ ಹೆಚ್ಚುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹಾಸಿ. ಹಿಂಡಿ, ಬೂಸಾ ಬೆಳಗಿನ ಜಾವ ಮತ್ತು ರಾತ್ರಿ ಕೊಡಿ. ನೀರು ಸದಾ ಎದುರಿಗಿರಲಿ. ಬೇಸಿಗೆಯಲ್ಲಿ ಬೆದೆ ಕಾಣುವುದು ಹೆಚ್ಚಾಗಿ ರಾತ್ರಿ. ಮಲಗುವ ಮುನ್ನ, ಎದ್ದ ಕೂಡಲೇ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸಿ.

ಪ್ರಶ್ನೆ: ಮಳೆ ಬಂದು ತಂಪಾದ ಮೇಲೂ ಗಬ್ಬ ನಿಲ್ಲದಿದ್ದರೆ?

ಉತ್ತರ: ಮೇ ತಿಂಗಳಲ್ಲಿ ಬಲಿಯುತ್ತಿದ್ದ ಅಂಡ ಆಗಲೇ ಪೆಟ್ಟು ತಿಂದಿರುತ್ತದೆ, ಆ ಪರಿಣಾಮ ಒಂದೂವರೆ-ಎರಡು ತಿಂಗಳು ಉಳಿಯುತ್ತದೆ. ಹೋರಿಗೆ ಬಿಡುವವರಿಗೂ ಇದೇ ಮಾತು, ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಜುಲೈನಲ್ಲಿ ತಪ್ಪಿದರೆ ಗಾಬರಿಯಾಗಬೇಡಿ. ಸೆಪ್ಟೆಂಬರಿನಲ್ಲೂ ತಪ್ಪಿದರೆ ಬಿಸಿಲನ್ನು ದೂರುವಂತಿಲ್ಲ. ಗರ್ಭಕೋಶ ತಪಾಸಣೆ ಮಾಡಿಸಿ.

ಪ್ರಶ್ನೆ: ನಮ್ಮ ಎಮ್ಮೆ ಬೇಸಿಗೆಯಲ್ಲಿ ಬೆದೆಗೇ ಬರುವುದಿಲ್ಲವಲ್ಲ?

ಉತ್ತರ: ಬಂದಿರುತ್ತದೆ, ತೋರಿಸುವುದಿಲ್ಲ. ಕಪ್ಪು ಚರ್ಮ, ಕಡಿಮೆ ಬೆವರು ಗ್ರಂಥಿ. ಶಾಖಕ್ಕೆ ಸೋತ ಎಮ್ಮೆಯದು ಮೂಕ ಬೆದೆ. ಮಧ್ಯಾಹ್ನ ನೀರಿಗೆ ಬಿಡಿ. ನಸುಕಿನಲ್ಲಿ ಬಾಲದ ಬುಡದಲ್ಲಿ ಲೋಳೆ ಅಂಟಿದೆಯೇ, ಹಾಲು ಇಳಿದಿದೆಯೇ ಗಮನಿಸಿ. ಕಂಡ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮುಂದಿನ ಬೆದೆ ಕಾಯುವುದು ಸುಲಭ.