ಗೋಧಿ ಒಗ್ಗದ ಮಕ್ಕಳು: ಮನೆವಾರ್ತೆಯ ಒಂದು ಪಾಠ

ನಮ್ಮ ಶಾಲೆಯಲ್ಲಿ ಪಾಕಶಾಸ್ತ್ರವನ್ನೂ ದೇಹಾರೋಗ್ಯವನ್ನೂ ಕಲಿತು ಈಗ ತಮ್ಮ ತಮ್ಮ ಮನೆಗಳನ್ನು ನಡಿಸುತ್ತಿರುವ ಸಹೋದರಿಯರೇ, ಮಕ್ಕಳ ತಾಯ್ತಂದೆಗಳೇ,

ಮನೆಯವರ ಆರೋಗ್ಯದ ದೊಡ್ಡ ಪಾಲು ಅಡಿಗೆ ಮಾಡುವವರ ಕೈಯಲ್ಲಿರುವುದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಒಂದು ರೋಗದ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯವಾಗಿದೆ. ಆ ರೋಗವನ್ನು ಗುಣಪಡಿಸುವ ಗುಳಿಗೆ ಇಂದಿನವರೆಗೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಅಡಿಗೆಯೇ ಅದಕ್ಕೆ ಔಷಧ. ಅಡಿಗೆಯಲ್ಲಿಯ ಅಜಾಗ್ರತೆಯೇ ಅದಕ್ಕೆ ಆಹಾರ. ಅದರ ಹೆಸರು ಸೀಲಿಯಕ್ ರೋಗ. ಉತ್ತರ ಹಿಂದೂಸ್ಥಾನದಲ್ಲಿ ಗೋಧಿಯೇ ಮುಖ್ಯ ಆಹಾರವಾಗಿರುವ ಸೀಮೆಗಳಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಇದು ಇರುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ದಕ್ಷಿಣದಲ್ಲಿ ಇದು ಬಹಳ ಕಡಿಮೆ. ಆದರೂ ಇಲ್ಲವೆಂದಲ್ಲ. ಅಪರೂಪವಾದದ್ದು ಸುಲಭವಾಗಿ ಕಣ್ಣಿಗೆ ತಪ್ಪುವುದರಿಂದಲೇ ನಾವು ಅದನ್ನು ಅರಿತಿರುವುದು ಅವಶ್ಯ.

೧. ಗೋಧಿಯ ಅಂಟು

ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. ಒಂದು ಹಿಡಿ ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿ, ಅರ್ಧ ತಾಸು ಬಿಟ್ಟು, ಬಳಿಕ ನೀರಿನ ಬೋಗುಣಿಯಲ್ಲಿ ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ಪಿಷ್ಟವು ಹಾಲಿನಂತೆ ನೀರಿಗೆ ಇಳಿಯುವುದು. ನೀರು ತಿಳಿಯಾಗುವ ವರೆಗೆ ತೊಳೆದರೆ ಕೊನೆಗೆ ಕೈಯಲ್ಲಿ ಎಳೆದರೆ ಹಿಗ್ಗುವ ಒಂದು ಅಂಟು ಮುದ್ದೆ ಉಳಿಯುವುದು. ಇದಕ್ಕೆ ಗ್ಲೂಟೆನ್ ಎಂದು ಹೆಸರು. ಚಪಾತಿಯು ಹರಿಯದೆ ಲಟ್ಟಣಿಗೆಗೆ ಒಗ್ಗುವುದೂ ಹೋಳಿಗೆಯ ಕಣಕವು ಹೂರಣವನ್ನು ಹೊದೆದುಕೊಳ್ಳುವುದೂ ಬ್ರೆಡ್ಡು ಉಬ್ಬಿ ನಿಲ್ಲುವುದೂ ಇದರ ಗುಣದಿಂದಲೇ.

ಜೋಳದ ಹಿಟ್ಟಿನಲ್ಲಿ ಈ ಅಂಟು ಇಲ್ಲ. ಆದದರಿಂದಲೇ ನಮ್ಮ ತಾಯಂದಿರು ಅದಕ್ಕೆ ಕುದಿಯುವ ನೀರನ್ನು ಹಾಕಿ, ಚೆನ್ನಾಗಿ ಮಿದ್ದು, ಕೈಯಿಂದ ತಟ್ಟಿ ರೊಟ್ಟಿ ಮಾಡುವರು. ರಾಗಿಹಿಟ್ಟೂ ಅಕ್ಕಿಹಿಟ್ಟೂ ಹಾಗೆಯೇ. ತಟ್ಟುವ ರೊಟ್ಟಿಗೂ ಲಟ್ಟಿಸುವ ಚಪಾತಿಗೂ ಇರುವ ಈ ಭೇದವನ್ನು ನೆನಪಿನಲ್ಲಿಡಿರಿ. ಮುಂದೆ ಉಪಯೋಗಕ್ಕೆ ಬರುವುದು.

೨. ರೋಗದ ಸ್ವರೂಪ

ನಮ್ಮ ಸಣ್ಣಕರುಳಿನ ಒಳಮೈಯು ಮಖಮಲ್ಲಿನಂತಿದೆ. ಅಲ್ಲಿ ಅತಿ ಸೂಕ್ಷ್ಮವಾದ ಬೆರಳಿನಾಕಾರದ ಎಳೆಗಳು ಲೆಕ್ಕವಿಲ್ಲದಷ್ಟು ಇದ್ದು, ಜೀರ್ಣವಾದ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುವವು. ಸೀಲಿಯಕ್ ರೋಗಕ್ಕೆ ಹುಟ್ಟಿನಿಂದಲೇ ಒಳಪಡತಕ್ಕ ದೇಹಗಳಲ್ಲಿ ಗ್ಲೂಟೆನ್ ಕರುಳಿಗೆ ಬಂದರೆ, ರೋಗಾಣುಗಳೊಡನೆ ಹೋರಾಡಬೇಕಾದ ದೇಹಶಕ್ತಿಯೇ ತನ್ನ ಕರುಳಿನ ಮೇಲೆ ತಿರುಗಿಬೀಳುವುದು. ಆಗ ಆ ಎಳೆಗಳು ಸವೆದು ಮಖಮಲ್ಲು ಬೋಳಾಗುವುದು. ಮಗು ಉಣ್ಣುವುದು, ಆದರೆ ಉಂಡದ್ದು ಮೈಗೆ ಹತ್ತದು. ಇದು ಅಂಟುರೋಗವಲ್ಲ, ತಾಯಿಯ ಪೋಷಣೆಯ ದೋಷವೂ ಅಲ್ಲ. ಆದರೆ ಕುಟುಂಬದಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಹೆತ್ತವರಿಗೂ ಮಕ್ಕಳಿಗೂ ಇರುವ ಸಂಭವವು ಇತರರಿಗಿಂತ ಹೆಚ್ಚು.

೩. ಕಾರಣವು ತಿಳಿದುಬಂದ ಬಗೆ

ರೋಗವು ಪುರಾತನವಾದದ್ದು. ೧೮೮೮ರಲ್ಲಿ ಲಂಡನ್ನಿನ ವೈದ್ಯರಾದ ಸ್ಯಾಮ್ಯುವೆಲ್ ಗೀ ಎಂಬವರು ಇದನ್ನು ಚೆನ್ನಾಗಿ ವರ್ಣಿಸಿ, ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಬರೆದರು. ಆದರೆ ಯಾವ ಆಹಾರವೆಂಬುದು ಅವರಿಗೆ ತಿಳಿಯಲಿಲ್ಲ. ೧೯೨೪ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬವರು ಬಾಳೆಹಣ್ಣಿನ ಪಥ್ಯವನ್ನು ಹೇಳಿದರು. ಮಕ್ಕಳು ಚೇತರಿಸಿಕೊಂಡದ್ದೇನೋ ನಿಜ. ಆದರೆ ಗುಣವು ಬಾಳೆಹಣ್ಣಿನಿಂದ ಬಂದದ್ದಲ್ಲ, ಅದರೊಡನೆ ರೊಟ್ಟಿಯನ್ನು ಬಿಟ್ಟದ್ದರಿಂದ ಬಂದದ್ದೆಂದು ಆಗ ಯಾರೂ ಅರಿಯರು.

ಹಾಲೆಂಡಿನ ಮಕ್ಕಳ ವೈದ್ಯರಾದ ವಿಲೆಮ್ ಕಾರೆಲ್ ಡಿಕೆ ಎಂಬವರಿಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಸಂಶಯ ಹುಟ್ಟಿತ್ತು. ೧೯೪೪-೪೫ರ ಚಳಿಗಾಲದಲ್ಲಿ ಆ ದೇಶಕ್ಕೆ ಘೋರ ಕ್ಷಾಮವು ಬಂತು. ರೊಟ್ಟಿ ಸಿಕ್ಕದೆ ಜನರು ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಸಹ ಬೇಯಿಸಿ ತಿಂದರು. ನಾಡೆಲ್ಲ ಹಸಿವಿನಿಂದ ಬಾಡುತ್ತಿದ್ದ ಆ ದಿನಗಳಲ್ಲಿ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡವು! ಗೋಧಿ ರೊಟ್ಟಿ ತಿರುಗಿ ಬಂದಾಗ ಎಲ್ಲರೂ ಸಂತೋಷಪಟ್ಟರು. ಈ ಮಕ್ಕಳಾದರೋ ಪುನಃ ಮಲಗಿದವು. ಡಿಕೆಯವರು ಅಷ್ಟಕ್ಕೇ ತೃಪ್ತರಾಗದೆ, ಮಕ್ಕಳಿಗೆ ಗೋಧಿಯನ್ನು ಬಿಡಿಸಿಯೂ ಕೊಟ್ಟೂ ಎಚ್ಚರಿಕೆಯಿಂದ ಪರೀಕ್ಷಿಸಿ ೧೯೫೦ರಲ್ಲಿ ಉಟ್ರೆಕ್ಟಿನಲ್ಲಿ ತಮ್ಮ ಪ್ರಬಂಧವನ್ನು ಒಪ್ಪಿಸಿದರು. ಮುಂದೆ ತಮ್ಮ ಜೊತೆಗಾರರಾದ ವಾನ್ ಡೆ ಕಾಮರ್, ವೈಯರ್ಸ್ ಎಂಬವರೊಡನೆ, ದೋಷವಿರುವುದು ಪಿಷ್ಟದಲ್ಲಲ್ಲ, ಅಂಟಿನಲ್ಲಿಯೇ ಎಂದು ತೋರಿಸಿದರು. ನೀವು ಬೋಗುಣಿಯಲ್ಲಿ ತೊಳೆದು ತೆಗೆದ ಮುದ್ದೆಯೇ ಅದು.

೪. ಗುರುತುಗಳೂ ಪರೀಕ್ಷೆಯೂ

ಬಹುದಿನದ ಭೇದಿ, ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು, ಬೆಳೆಯದ ಎತ್ತರ, ಸಿಡುಕುತನ ಇವು ಮಕ್ಕಳಲ್ಲಿ ಕಾಣುವ ಗುರುತುಗಳು. ಆದರೆ ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರದು. ಕಬ್ಬಿಣದ ಔಷಧವನ್ನು ಕುಡಿದರೂ ನೀಗದ ರಕ್ತಹೀನತೆ, ಪದೇಪದೇ ಬರುವ ಬಾಯಿಹುಣ್ಣು, ಮೂಳೆಯ ನಿಶ್ಶಕ್ತಿ, ಹೆಣ್ಣುಮಕ್ಕಳು ತಡವಾಗಿ ಮೈನೆರೆಯುವುದು, ಗರ್ಭವು ನಿಲ್ಲದಿರುವುದು ಇವುಗಳ ಹಿಂದೆಯೂ ಈ ರೋಗವು ಅಡಗಿರುವುದುಂಟು. ಇವುಗಳಿಗೆ ಬೇರೆ ಕಾರಣಗಳೂ ಬಹಳ ಇರುವುದರಿಂದ ನಾವೇ ತೀರ್ಮಾನಿಸಲಾಗದು, ವೈದ್ಯರನ್ನು ಕೇಳತಕ್ಕದ್ದು. ಅವರು ರಕ್ತಪರೀಕ್ಷೆಯನ್ನು ಮಾಡಿಸಿ, ಬೇಕಾದಲ್ಲಿ ನಳಿಕೆಯ ಮೂಲಕ ಕರುಳಿನ ಸಣ್ಣ ಚೂರನ್ನು ತೆಗೆದು ನೋಡುವರು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಸಂಶಯ ಬಂದ ಕೂಡಲೇ ಗೋಧಿಯನ್ನು ಬಿಡಿಸಿ ಆ ಮೇಲೆ ಪರೀಕ್ಷೆಗೆ ಹೋಗಕೂಡದು. ಯಾಕಂದರೆ ಗೋಧಿ ಬಿಟ್ಟರೆ ರಕ್ತದಲ್ಲಿಯ ಗುರುತೂ ಕರುಳಿನ ಗುರುತೂ ಮಾಸುವವು. ಇರುವ ರೋಗವು ಇಲ್ಲವೆಂದು ತೋರುವುದು. ಪರೀಕ್ಷೆ ಮೊದಲು, ಪಥ್ಯ ಆ ಮೇಲೆ.

೫. ಬಿಡತಕ್ಕದ್ದು, ಉಣ್ಣತಕ್ಕದ್ದು

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳನ್ನು ಜೀವಮಾನವೆಲ್ಲಾ ಬಿಡಬೇಕು. ಉತ್ತರ ಕರ್ನಾಟಕದ ಜವೆಗೋಧಿಯೂ ಗೋಧಿಯ ಜಾತಿಯೇ. ಗೋಧಿಗೆ ನಮ್ಮ ಅಡಿಗೆಮನೆಯಲ್ಲಿ ಹಲವು ಹೆಸರುಗಳಿವೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ, ಗೋಧಿನುಚ್ಚು, ಅಂಗಡಿಯ ಶಾವಿಗೆ ಇವೆಲ್ಲವೂ ಗೋಧಿಯೇ. ಕೇಸರಿಬಾತು, ರವೆ ಇಡ್ಲಿ, ಬಿಸ್ಕತ್ತು, ಕ್ರಿಸ್ಮಸ್ ಕೇಕು, ಬಾರ್ಲಿಯ ಮಾಲ್ಟು ಹಾಕಿದ ಪಾನೀಯ ಇವೂ ಕೂಡದು. ಅಂಗಡಿಯ ಇಂಗಿನಲ್ಲಿ ಬಹುಮಟ್ಟಿಗೆ ಗೋಧಿಹಿಟ್ಟು ಬೆರೆತಿರುವುದರಿಂದ ಸಾರಿನ ಒಗ್ಗರಣೆಯಲ್ಲಿಯೂ ಜಾಗ್ರತೆ ಬೇಕು. ಓಟ್ಸಿನಲ್ಲಿ ಗೋಧಿ ಬೆರೆಯುವ ಭಯವಿರುವುದರಿಂದ ವೈದ್ಯರನ್ನು ಕೇಳದೆ ಕೊಡಬೇಡಿರಿ.

ಇಷ್ಟನ್ನು ಕೇಳಿ ಎದೆಗುಂದಬೇಕಾಗಿಲ್ಲ. ಹಾಲೆಂಡಿನ ತಾಯಿಗೆ ರೊಟ್ಟಿಯನ್ನು ಬಿಡಿಸುವುದು ಬಹು ಕಷ್ಟವಾಗಿತ್ತು. ನಮಗಾದರೋ ಹಿರಿಯರು ತುಂಬಿದ ಕಣಜವನ್ನೇ ಬಿಟ್ಟುಹೋಗಿದ್ದಾರೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಊದಲು ಇವು ಯಾವುದರಲ್ಲಿಯೂ ಆ ಅಂಟು ಇಲ್ಲ. ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸ, ತರಕಾರಿ, ಹಣ್ಣು ಎಲ್ಲವೂ ಸಲ್ಲುವವು. ಮೂಳೆ ಬಲವಿಲ್ಲದ ಈ ಮಕ್ಕಳಿಗೆ ರಾಗಿಯು ವಿಶೇಷವಾಗಿ ಒಳ್ಳೆಯದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಅಕ್ಕಿಯ ಇಡ್ಲಿ, ಒತ್ತುಶಾವಿಗೆ, ಕಡುಬು, ರಾಗಿಮುದ್ದೆ, ಜೋಳದ ರೊಟ್ಟಿ, ಹಾಲುಬಾಯಿ ಇವುಗಳನ್ನು ಉಣ್ಣುವ ಮಗುವನ್ನು ಬಡಪಾಯಿ ಎನ್ನಲಾದೀತೇ?

೬. ಅಡಿಗೆಮನೆಯ ಕಾವಲು

ಧಾನ್ಯವು ಶುದ್ಧವಾಗಿದ್ದರೆ ಸಾಲದು. ಅದು ನಡೆದುಬಂದ ದಾರಿಯೂ ಶುದ್ಧವಾಗಿರಬೇಕು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ನಮ್ಮ ರಾಗಿಯನ್ನೂ ಬೀಸಿದರೆ ಗೋಧಿಹಿಟ್ಟು ಅದರಲ್ಲಿ ಸೇರುವುದು. ಆದದರಿಂದ ಮನೆಯಲ್ಲಿಯೇ ಬೀಸಿಕೊಳ್ಳುವುದು, ಇಲ್ಲವೆ ಗೋಧಿಯನ್ನು ಬೀಸದ ಗಿರಣಿಯನ್ನು ಹುಡುಕುವುದು ಉತ್ತಮ. ಜರಡಿ, ಲಟ್ಟಣಿಗೆ, ಮಣೆ, ಹಂಚು ಇವು ಆ ಮಗುವಿಗೆ ಬೇರೆಯಾಗಿರಲಿ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿರಿ. ಮಗುವಿನ ಅಡಿಗೆಯನ್ನು ಮೊದಲು ಮಾಡಿ ಮುಚ್ಚಿಟ್ಟು, ಮಿಕ್ಕದ್ದನ್ನು ಆ ಮೇಲೆ ಮಾಡಿರಿ. ಕಿಲೋಗ್ರಾಮಿಗೆ ೨೦ ಮಿಲಿಗ್ರಾಂ ಗ್ಲೂಟೆನ್ ಮೀರದ ಪದಾರ್ಥಕ್ಕೆ ಮಾತ್ರ ಗ್ಲೂಟೆನ್‌ರಹಿತವೆಂಬ ಹೆಸರು ಸಲ್ಲುವುದು; ಪೊಟ್ಟಣದ ಮೇಲಿನ ಬರಹವನ್ನು ತಪ್ಪದೆ ಓದಿರಿ.

೭. “ಒಂದು ತುತ್ತಿಗೆ ಏನಾಗುತ್ತೆ?”

ಈ ಪಥ್ಯಕ್ಕೆ ದೊಡ್ಡ ಶತ್ರುವು ದ್ವೇಷವಲ್ಲ, ಪ್ರೀತಿ. “ಒಂದು ತುತ್ತಿಗೆ ಏನಾಗುತ್ತೆ, ತಿನ್ನು ಮಗೂ” ಎಂದು ಅಜ್ಜಿಯು ಹೋಳಿಗೆಯ ಚೂರನ್ನು ಬಾಯಿಗಿಡುವಳು. ನೆಂಟರ ಮನೆಯಲ್ಲಿ ಬೇಡವೆಂದರೆ ಬಿಂಕವೆನ್ನುವರು. ಮದುವೆಯಾಗಿ ಬಂದ ಸೊಸೆಯು ಸಂಕೋಚದಿಂದ ಎಲ್ಲರೊಡನೆ ಚಪಾತಿ ತಿಂದು, ರಾತ್ರಿ ಹೊಟ್ಟೆ ಹಿಡಿದುಕೊಂಡು ಯಾರಿಗೂ ಹೇಳದೆ ಮಲಗುವಳು. ದಿನಕ್ಕೆ ೫೦ ಮಿಲಿಗ್ರಾಂ ಗ್ಲೂಟೆನ್, ಅಂದರೆ ಬ್ರೆಡ್ಡಿನ ಕೆಲವು ಪುಡಿಗಳಲ್ಲಿರುವಷ್ಟು, ತಿಂಗಳುಗಟ್ಟಲೆ ಸೇರಿದರೂ ಕರುಳಿಗೆ ಹಾನಿಯುಂಟೆಂದು ಪರೀಕ್ಷೆಯಿಂದ ತಿಳಿದಿದೆ. ನೋವು ಕಾಣಿಸದಿದ್ದರೆ ಹಾನಿಯಿಲ್ಲವೆಂದೂ ತಿಳಿಯಬಾರದು. ಮಕ್ಕಳು ದೊಡ್ಡವರಾದರೆ ಇದು ತಾನಾಗಿ ಹೋಗುವುದೆಂಬುದೂ ತಪ್ಪು.

ಪ್ರಭುಭೋಜನದ ರೊಟ್ಟಿಯ ವಿಷಯದಲ್ಲಿಯೂ ನಾಚದೆ ಸಭಾಪಾಲಕರಿಗೆ ಮುಂಚಿತವಾಗಿ ತಿಳಿಸಿರಿ. ಕಥೋಲಿಕ ಸಭೆಯಲ್ಲಿ ಗ್ಲೂಟೆನ್ ಅತ್ಯಲ್ಪವಾಗಿರುವ ರೊಟ್ಟಿಗೆ ಅನುಮತಿಯುಂಟು. ಬೇರೆ ಹಲವು ಸಭೆಗಳಲ್ಲಿ ಗೋಧಿಯಿಲ್ಲದ ರೊಟ್ಟಿಯನ್ನು ಉಪಯೋಗಿಸುವರು.

ಸಹೋದರಿಯರೇ, ಪಥ್ಯವನ್ನು ಸರಿಯಾಗಿ ನಡಿಸಿದರೆ ಸವೆದ ಎಳೆಗಳು ತಿರುಗಿ ಚಿಗುರುವವು. ಕೆಲವು ವಾರಗಳಲ್ಲಿಯೇ ಮಗುವಿನ ಮುಖದಲ್ಲಿ ಕಳೆ ಕಾಣುವುದು. ಕರುಳು ಪೂರ್ಣ ಮಾಯಲು ತಿಂಗಳುಗಳು, ದೊಡ್ಡವರಲ್ಲಿ ವರುಷಗಳೂ ಬೇಕಾಗಬಹುದು. ಅದುವರೆಗೂ ಅದರ ಮುಂದೆಯೂ ತಾಳ್ಮೆಯಿರಲಿ. ನಿಮ್ಮ ಮನೆಗೆ ಇಂಥ ಒಬ್ಬ ಮಗು ಅತಿಥಿಯಾಗಿ ಬಂದರೆ ಒತ್ತಾಯ ಮಾಡುವುದೇ ಉಪಚಾರವೆಂದು ಎಣಿಸದೆ, “ನಿನಗೆ ಯಾವುದು ಸೇರುವುದಮ್ಮಾ?” ಎಂದು ಕೇಳಿ, ಶುದ್ಧವಾದ ಹಂಚಿನಲ್ಲಿ ಒಂದು ಅಕ್ಕಿರೊಟ್ಟಿಯನ್ನು ತಟ್ಟಿಕೊಡಿರಿ. ಅದೇ ನಿಜವಾದ ಅತಿಥಿಸತ್ಕಾರ.

ವಿಚಾರಿಸತಕ್ಕ ಪ್ರಶ್ನೆಗಳು: (೧) ಜೋಳದ ಹಿಟ್ಟಿಗೆ ಬಿಸಿನೀರು ಬೇಕಾಗುವುದೇಕೆ? (೨) ಪರೀಕ್ಷೆಗೆ ಮೊದಲು ಗೋಧಿಯನ್ನು ಏಕೆ ಬಿಡಬಾರದು? (೩) ನಿಮ್ಮ ಅಡಿಗೆಮನೆಯಲ್ಲಿ ಗೋಧಿಯು ಎಷ್ಟು ಹೆಸರುಗಳಿಂದ ಇದೆ? ಎಣಿಸಿ ನೋಡಿರಿ.