ಸಣ್ಣ ಟ್ರ್ಯಾಕ್ಟರ್ ಸಾಗಣೆಗೆ ಯೋಗ್ಯ ಟ್ರೇಲರ್: ಆಯ್ಕೆ ಮತ್ತು ಸುರಕ್ಷತೆ

ಬಾಗಲಕೋಟೆ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ ಹಾಗೂ ಲಿಂಬೆ ತೋಟಗಳಲ್ಲಿ ಗಿಡಗಳ ಸಾಲುಗಳ ನಡುವೆ ಸುಲಭವಾಗಿ ಓಡಾಡಬಲ್ಲ ಸಣ್ಣ ಟ್ರ್ಯಾಕ್ಟರುಗಳಿಗೆ ಉತ್ತಮ ಬೇಡಿಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿರುವುದೂ ಖರೀದಿದಾರರಿಗೆ ಅನುಕೂಲವಾಗಿದೆ. ಇಂಥ ಯಂತ್ರವನ್ನು ಮಾರುವವರು ಅದನ್ನು ಬಾಗಲಕೋಟೆಯಿಂದ ಬಾದಾಮಿ ಅಥವಾ ಹುನಗುಂದ ತಾಲೂಕಿನ ಹಳ್ಳಿಗೆ ತಲುಪಿಸಬೇಕು. ಬಾಡಿಗೆಗೆ ಕೊಡುವವರು ತೋಟದಿಂದ ತೋಟಕ್ಕೆ ಒಯ್ಯಬೇಕು. ರಿಪೇರಿ ಮಾಡುವವರು ಕೆಟ್ಟು ನಿಂತ ಯಂತ್ರವನ್ನು ವರ್ಕ್‌ಶಾಪಿಗೆ ತರಬೇಕು. ಗಂಟೆಗೆ 20-25 ಕಿ.ಮೀ. ವೇಗದ ಸಣ್ಣ ಯಂತ್ರವನ್ನು 40-50 ಕಿ.ಮೀ. ದೂರ ಡಾಂಬರು ರಸ್ತೆಯ ಮೇಲೆ ಓಡಿಸಿಕೊಂಡು ಹೋದರೆ ಟಯರು ಸವೆಯುತ್ತದೆ, ಸಮಯವೂ ಹಾಳಾಗುತ್ತದೆ. ಆದ್ದರಿಂದ ಅದನ್ನು ಮತ್ತೊಂದು ವಾಹನದ ಮೇಲೆ ಸಾಗಿಸುವುದು ಅನಿವಾರ್ಯ.

ಈ ಸಾಗಣೆಗೆ ಯಾವ ಟ್ರೇಲರ್ ಯೋಗ್ಯ ಎಂಬ ಪ್ರಶ್ನೆ ಬಂದಾಗ ಬಹುತೇಕರು ‘ಎಷ್ಟು ಟನ್ನಿನದು’ ಎಂದಷ್ಟೇ ವಿಚಾರಿಸುತ್ತಾರೆ. ವಾಸ್ತವವಾಗಿ ಟನ್ನಿನ ಪ್ರಶ್ನೆ ಮೊದಲನೆಯದೇ ಹೊರತು ಕೊನೆಯದಲ್ಲ. ತಳದ ಎತ್ತರ, ಭಾರ ಬೀಳುವ ಸ್ಥಳ, ಎಳೆಯುವ ವಾಹನದ ಬ್ರೇಕು ಮತ್ತು ಕಾಗದಪತ್ರಗಳು, ಈ ನಾಲ್ಕೂ ಸರಿ ಇದ್ದರೆ ಮಾತ್ರ ಸಾಗಣೆ ಸುರಕ್ಷಿತ.

ತೂಕದ ಲೆಕ್ಕ

ಸಣ್ಣ ಟ್ರ್ಯಾಕ್ಟರುಗಳ ತೂಕ ಮಾದರಿಗೆ ಅನುಸಾರವಾಗಿ ಸಾಮಾನ್ಯವಾಗಿ 600ರಿಂದ 1,000 ಕಿ.ಗ್ರಾಂ. ಇರುತ್ತದೆ. ನಿಖರವಾದ ಅಂಕಿಯನ್ನು ಕಂಪನಿಯ ಕೈಪಿಡಿಯಿಂದ ತೆಗೆದುಕೊಳ್ಳಬೇಕು. ಅನುಮಾನವಿದ್ದರೆ ಸಮೀಪದ ವೇ-ಬ್ರಿಡ್ಜಿನಲ್ಲಿ ತೂಗಿಸುವುದು ಲೇಸು. ಉದಾಹರಣೆಗಾಗಿ ಒಂದು ಲೆಕ್ಕ:

ಟ್ರ್ಯಾಕ್ಟರ್ – 800 ಕಿ.ಗ್ರಾಂ.
ರೋಟಾವೇಟರ್ – 220 ಕಿ.ಗ್ರಾಂ.
ಡೀಸೆಲ್, ಸರಪಳಿ, ಹತ್ತಿಸುವ ಹಲಗೆ, ಇತರೆ – 80 ಕಿ.ಗ್ರಾಂ.
ಒಟ್ಟು ಹೊರೆ – 1,100 ಕಿ.ಗ್ರಾಂ.

ಇದಕ್ಕೆ ನಾಲ್ಕನೆಯ ಒಂದು ಭಾಗವನ್ನು ಮೀಸಲಾಗಿ ಕೂಡಿಸಿದರೆ 1,375 ಕಿ.ಗ್ರಾಂ. ಆಗುತ್ತದೆ. ಅಂದರೆ ನೋಂದಣಿ ಪತ್ರದ ಪ್ರಕಾರ ಸುಮಾರು 1,400 ಕಿ.ಗ್ರಾಂ. ಹೊರೆಗೆ ಕಡಿಮೆ ಇಲ್ಲದ ವಾಹನ ಬೇಕು. ಔಷಧಿ ಸಿಂಪಡಿಸುವ ಬ್ಲೋವರ್ ಜೊತೆಗಿದ್ದರೆ ಅದರ ಟ್ಯಾಂಕನ್ನು ಖಾಲಿ ಮಾಡಲೇಬೇಕು. 400 ಲೀಟರ್ ನೀರೆಂದರೆ 400 ಕಿ.ಗ್ರಾಂ. ಹೊರೆ, ಅದೂ ದಾರಿಯುದ್ದಕ್ಕೂ ತುಳುಕಾಡುವ ಹೊರೆ.

‘ಛೋಟಾ ಹಾಥಿ’ ಎಂದು ಜನ ಕರೆಯುವ ವರ್ಗದ ಪುಟ್ಟ ಸರಕು ವಾಹನಗಳು ಬಾಡಿಗೆಗೆ ಅಗ್ಗವಾಗಿ ಸಿಗುತ್ತವೆ. 2005ರಲ್ಲಿ ಮಾರುಕಟ್ಟೆಗೆ ಬಂದ ಈ ವರ್ಗದ ಮೊದಲ ಮಾದರಿಯ ಹೊರೆ ಸಾಮರ್ಥ್ಯ ಸುಮಾರು 750 ಕಿ.ಗ್ರಾಂ. ಹಾಗೂ ಹಿಂಬದಿಯ ತಳದ ಉದ್ದ ಸುಮಾರು 7 ಅಡಿ. ಮೇಲಿನ ಉದಾಹರಣೆಯ ಟ್ರ್ಯಾಕ್ಟರಿನ ತೂಕವೇ 800 ಕಿ.ಗ್ರಾಂ.; ಉದ್ದ 8 ಅಡಿಗೂ ಹೆಚ್ಚು. ರೋಟಾವೇಟರ್ ಸೇರಿದರೆ ತೂಕವೂ ಮೀರುತ್ತದೆ, ಯಂತ್ರವೂ ಹಿಂದಕ್ಕೆ ಚಾಚುತ್ತದೆ. ಬಾಡಿಗೆಯಲ್ಲಿ ಉಳಿದ ಹಣ ಒಂದೇ ದಂಡಕ್ಕೆ ಹೋಗಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೆಯ ಕಲಂ ಅಧಿಕ ಭಾರಕ್ಕೆ 20,000 ರೂ. ಹಾಗೂ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂ. ದಂಡವನ್ನು ಹೇಳುತ್ತದೆ. ಸರಕು ವಾಹನದ ಅಂಚನ್ನು ಮೀರಿ ಹೊರಚಾಚಿದರೂ 20,000 ರೂ. ದಂಡಕ್ಕೆ ಅದೇ ಕಲಂ ಅವಕಾಶ ನೀಡುತ್ತದೆ.

ನಾಲ್ಕು ಬಗೆಯ ಆಯ್ಕೆಗಳು

1. ಸಾಮಾನ್ಯ ಎರಡು ಗಾಲಿಯ ಕೃಷಿ ಟ್ರೇಲರ್: ಎಲ್ಲೆಡೆ ದೊರೆಯುತ್ತದೆ ಮತ್ತು ಹೊರೆಯ ಸಾಮರ್ಥ್ಯಕ್ಕೆ ಕೊರತೆ ಇಲ್ಲ. ಆದರೆ ಇದನ್ನು ರೂಪಿಸಿರುವುದು ಜೋಳ, ಗೊಬ್ಬರ, ಮಣ್ಣು, ಕಬ್ಬುಗಳಂತೆ ತಳದ ತುಂಬ ಹರಡಿಕೊಳ್ಳುವ ಸರಕಿಗಾಗಿ. ಟ್ರ್ಯಾಕ್ಟರಿನ ಭಾರ ನಾಲ್ಕೇ ಬಿಂದುಗಳಲ್ಲಿ ಬೀಳುತ್ತದೆ. ಗಾಲಿ ನಿಲ್ಲುವ ಜಾಗದ ಕೆಳಗೆ ಅಡ್ಡ ಚಾನಲ್ ಇಲ್ಲದಿದ್ದರೆ ತಗಡು ಬಾಗುತ್ತದೆ. ತಳ ಮೂರೂವರೆ ಅಡಿ ಎತ್ತರವಿದ್ದರೆ ಯಂತ್ರವನ್ನು ಹತ್ತಿಸುವುದೂ ಕಠಿಣ.

2. ನಾಲ್ಕು ಗಾಲಿಯ ಟ್ರೇಲರ್: ಹತ್ತಿಸುವಾಗ ತೂಗುಯ್ಯಾಲೆಯಂತೆ ಏರಿಳಿಯುವುದಿಲ್ಲ, ಕೊಂಡಿಯ ಮೇಲೆ ಭಾರ ಹೇರುವುದಿಲ್ಲ. ಆದರೆ ಹಿಂದಕ್ಕೆ ತಳ್ಳಿ ನಿಲ್ಲಿಸುವುದು ಕಷ್ಟ. ತೋಟದ ಕಿರುದಾರಿಗಳಲ್ಲಿ ಇದು ತೊಡಕಾಗುತ್ತದೆ.

3. ತಗ್ಗು ತಳದ ವಿಶೇಷ ಟ್ರೇಲರ್: ಗಾಲಿಗಳು ತಳದ ಹೊರಬದಿಗೆ ಇರುವುದರಿಂದ ತಳವನ್ನು ನೆಲದಿಂದ ಎರಡು ಅಡಿಯೊಳಗೆ ಇಳಿಸಬಹುದು. ಭಾರದ ಕೇಂದ್ರ ತಗ್ಗಿದಷ್ಟೂ ತಿರುವುಗಳಲ್ಲಿ ಮಗುಚುವ ಭಯ ಕಡಿಮೆ. ವಾರಕ್ಕೆ ಒಂದೆರಡು ಬಾರಿಯಾದರೂ ಯಂತ್ರ ಸಾಗಿಸುವ ಮಾರಾಟಗಾರರಿಗೂ ಬಾಡಿಗೆದಾರರಿಗೂ ಇದೇ ಉತ್ತಮ.

4. ಒಂದೂವರೆ ಟನ್ ವರ್ಗದ ಪಿಕಪ್ ವಾಹನ: ಅಪರೂಪಕ್ಕೊಮ್ಮೆ ಸಾಗಿಸುವವರಿಗೆ ಟ್ರೇಲರ್ ಕೊಳ್ಳುವುದಕ್ಕಿಂತ ಇದನ್ನು ಬಾಡಿಗೆಗೆ ಪಡೆಯುವುದು ಮೇಲು. ತಳದ ಉದ್ದವನ್ನೂ ನೋಂದಾಯಿತ ಹೊರೆಯನ್ನೂ ಮೊದಲೇ ನೋಡಿಕೊಳ್ಳಬೇಕು.

ಹಳೆಯ ಟ್ರೇಲರ್ ಕೊಳ್ಳುವವರು ಅದು ಹಿಂದೆ ಏನನ್ನು ಸಾಗಿಸಿದೆ ಎಂದು ವಿಚಾರಿಸಬೇಕು. ಇಳಕಲ್ ಭಾಗದಲ್ಲಿ ಗ್ರಾನೈಟ್ ಕಲ್ಲು ಹೊತ್ತ ಟ್ರೇಲರಿನ ಆಕ್ಸಲ್ ಬಾಗಿರುವ ಸಂಭವವುಂಟು. ಎಳೆಯುವ ತೊಲೆ ಚಾಸಿಗೆ ಕೂಡುವ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಕೊಳ್ಳಬಾರದು. ಹೊಸ ಬಣ್ಣದ ಕೆಳಗೆ ಬಿರುಕು ಅಡಗುವುದರಿಂದ ಬೆಸುಗೆಯ ಜಾಗವನ್ನು ಉಜ್ಜಿ ನೋಡುವುದು ಅವಶ್ಯ.

ಹತ್ತಿಸುವ ಹಲಗೆಯ ಉದ್ದ

ಅಪಾಯ ಹೆಚ್ಚಾಗಿರುವುದು ರಸ್ತೆಯ ಮೇಲಷ್ಟೇ ಅಲ್ಲ, ಯಂತ್ರವನ್ನು ಹತ್ತಿಸುವ ಹಾಗೂ ಇಳಿಸುವ ಹೊತ್ತಿನಲ್ಲಿ ಕೂಡ. ಎತ್ತರದ ನಾಲ್ಕು ಪಟ್ಟು ಉದ್ದದ ಹಲಗೆ ಇರಬೇಕೆಂಬುದು ಸುಲಭವಾದ ಅಳತೆ. ಎರಡು ಅಡಿ ಎತ್ತರದ ತಳಕ್ಕೆ 8 ಅಡಿಯ ಹಲಗೆ ಸಾಕು. ಮೂರೂವರೆ ಅಡಿಯ ತಳಕ್ಕೆ 14 ಅಡಿ ಬೇಕಾಗುತ್ತದೆ. ಅಷ್ಟುದ್ದದ ಹಲಗೆಯನ್ನು ಯಾರೂ ಒಯ್ಯುವುದಿಲ್ಲವಾದ್ದರಿಂದ ಕಡಿದಾದ ಗಿಡ್ಡ ಹಲಗೆಯಲ್ಲೇ ಕೆಲಸ ಮುಗಿಸುತ್ತಾರೆ. ತಗ್ಗು ತಳದ ಟ್ರೇಲರಿನ ನಿಜವಾದ ಲಾಭ ಇಲ್ಲಿ ತಿಳಿಯುತ್ತದೆ.

ರೋಟಾವೇಟರ್ ಎತ್ತಿಕೊಂಡ ಟ್ರ್ಯಾಕ್ಟರಿನ ಸ್ಥಿತಿಯನ್ನು ಗಮನಿಸಿರಿ. 800 ಕಿ.ಗ್ರಾಂ. ಯಂತ್ರದಲ್ಲಿ ಮುಂಗಾಲಿಗಳ ಮೇಲೆ 320 ಕಿ.ಗ್ರಾಂ. ಇದೆಯೆಂದು ಇಟ್ಟುಕೊಳ್ಳೋಣ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 140 ಸೆಂ.ಮೀ. ಇದ್ದು, 220 ಕಿ.ಗ್ರಾಂ. ರೋಟಾವೇಟರಿನ ಭಾರ ಹಿಂದಿನ ಆಕ್ಸಲ್ಲಿನಿಂದ 90 ಸೆಂ.ಮೀ. ಹಿಂದಕ್ಕೆ ತೂಗಿದರೆ ಮುಂಗಾಲಿಗಳ ಮೇಲಿನ ಭಾರ ಸುಮಾರು 180 ಕಿ.ಗ್ರಾಂ.ಗೆ ಇಳಿಯುತ್ತದೆ. ಇಂಥ ಯಂತ್ರವನ್ನು ಮುಂದುಮುಖವಾಗಿ ಕಡಿದಾದ ಹಲಗೆಯ ಮೇಲೆ ಏರಿಸಿದರೆ ಮೂತಿ ಮೇಲಕ್ಕೆದ್ದು, ಚಾಲಕನ ಮೇಲೆಯೇ ಮಗುಚುವ ಸಂಭವವಿದೆ. ಆದ್ದರಿಂದ ರೋಟಾವೇಟರನ್ನು ಬಿಚ್ಚಿ ಪ್ರತ್ಯೇಕವಾಗಿ ಏರಿಸುವುದು, ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಹತ್ತಿಸಿ ಮುಮ್ಮುಖವಾಗಿ ಇಳಿಸುವುದು ಸರಿಯಾದ ಕ್ರಮ.

ಹೊಲದ ಗಟ್ಟಿಯಾದ ಬದು ಅಥವಾ ಮಣ್ಣಿನ ದಿಬ್ಬಕ್ಕೆ ಟ್ರೇಲರನ್ನು ಒತ್ತಿ ನಿಲ್ಲಿಸಿ, ಸಮಮಟ್ಟದಲ್ಲಿ ಹತ್ತಿಸುವ ರೂಢಿ ಉತ್ತಮವಾದುದೇ. ಆದರೆ ಹುನಗುಂದ ಸೀಮೆಯ ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಬದು ಕುಸಿಯುತ್ತದೆ, ಗಾಲಿ ಹೂಳುತ್ತದೆ. ಅಂಥ ದಿನಗಳಲ್ಲಿ ಡಾಂಬರು ರಸ್ತೆಯ ಬದಿಯ ಗಟ್ಟಿ ನೆಲದಲ್ಲೇ ಈ ಕೆಲಸ ಮಾಡಬೇಕು. ಎರಡು ಗಾಲಿಯ ಟ್ರೇಲರನ್ನು ಎಳೆಯುವ ವಾಹನಕ್ಕೆ ಜೋಡಿಸದೆ ಯಂತ್ರ ಹತ್ತಿಸಕೂಡದು. ಹಿಂಭಾಗದ ಅಡಿಗೆ ಆಧಾರವನ್ನೂ ಗಾಲಿಗಳಿಗೆ ಅಡೆಗಲ್ಲನ್ನೂ ಕೊಡಬೇಕು.

ಭಾರದ ಸ್ಥಾನ ಮತ್ತು ಬ್ರೇಕು

ಎರಡು ಗಾಲಿಯ ಟ್ರೇಲರಿನಲ್ಲಿ ಹೊರೆ ಆಕ್ಸಲ್ಲಿಗಿಂತ ತುಸು ಮುಂದೆ ಇರಬೇಕು. ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವುದು ಸಾಮಾನ್ಯ ಅಳತೆ. ಹೊರೆ ಹಿಂದೆ ಸರಿದರೆ ಟ್ರೇಲರ್ ಬಾಲದಂತೆ ಅತ್ತಿತ್ತ ಹೊಯ್ದಾಡುತ್ತದೆ. ತೀರಾ ಮುಂದೆ ಬಂದರೆ ಎಳೆಯುವ ಟ್ರ್ಯಾಕ್ಟರಿನ ಮುಂಗಾಲಿ ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ವೇ-ಬ್ರಿಡ್ಜಿನಲ್ಲಿ ಟ್ರೇಲರನ್ನು ಬಿಚ್ಚಿ ಪೂರ್ತಿ ತೂಗಿ, ಬಳಿಕ ಜೋಡಿಸಿ ಅದರ ಗಾಲಿಗಳನ್ನಷ್ಟೇ ತೂಗಿದರೆ, ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ. ಒಮ್ಮೆ ಸರಿಯಾದ ಸ್ಥಾನ ಸಿಕ್ಕಿದರೆ ತಳದ ಮೇಲೆ ಬಣ್ಣದ ಗೆರೆ ಎಳೆದಿಟ್ಟುಕೊಳ್ಳಬಹುದು.

ಕೃಷಿ ಟ್ರೇಲರುಗಳಲ್ಲಿ ಬಹುಪಾಲಿನವಕ್ಕೆ ತಮ್ಮದೇ ಬ್ರೇಕು ಇಲ್ಲ. ಎಳೆಯುವ ಟ್ರ್ಯಾಕ್ಟರ್ 2,000 ಕಿ.ಗ್ರಾಂ. ಇದ್ದು, ಹಿಂದೆ 900 ಕಿ.ಗ್ರಾಂ. ಟ್ರೇಲರ್ ಮತ್ತು 1,100 ಕಿ.ಗ್ರಾಂ. ಹೊರೆ ಇದ್ದರೆ ಒಂದೇ ಟ್ರ್ಯಾಕ್ಟರಿನ ಬ್ರೇಕು ಎರಡರಷ್ಟು ತೂಕವನ್ನು ತಡೆಯಬೇಕಾಗುತ್ತದೆ. ಒಂಟಿ ಟ್ರ್ಯಾಕ್ಟರ್ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬ್ರೇಕು ಒತ್ತಿದ ಮೇಲೆ 12 ಮೀಟರಿನಲ್ಲಿ ನಿಲ್ಲುವುದಾದರೆ, ಈ ಹೊರೆಯೊಡನೆ ನಿಲ್ಲಲು 24 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಎಳೆಯುವ ಯಂತ್ರ ಎಂದೂ ಹೊರೆಸಹಿತ ಟ್ರೇಲರಿಗಿಂತ ಹಗುರವಾಗಿರಬಾರದು. ಒಂದು ಸಣ್ಣ ಟ್ರ್ಯಾಕ್ಟರಿನಿಂದ ಮತ್ತೊಂದನ್ನು ಎಳೆಸುವುದು ಸಲ್ಲದು. ಹೊಲದಲ್ಲಿ ಬೇರೆಬೇರೆಯಾಗಿ ಬಳಸುವ ಎಡಬಲದ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮುನ್ನ ಕೊಂಡಿ ಹಾಕಿ ಒಂದುಗೂಡಿಸಬೇಕು. ಇಲ್ಲವಾದರೆ ಒಂದೇ ಬದಿ ಹಿಡಿದು ಜೋಡಿ ಮಡಚಿಕೊಳ್ಳುತ್ತದೆ. ಬಾದಾಮಿ, ಗುಳೇದಗುಡ್ಡ ಕಡೆಯ ಗುಡ್ಡದ ಇಳಿಜಾರುಗಳಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋಗಬಾರದು. ಏರುವ ಗೇರಿನಲ್ಲಿಯೇ ಇಳಿಯಬೇಕು.

ಕಟ್ಟುವ ಕ್ರಮ

ಯಂತ್ರ ಏರಿದ ಮೇಲೆ ಗೇರಿನಲ್ಲಿಟ್ಟು, ಪಾರ್ಕಿಂಗ್ ಬ್ರೇಕು ಹಾಕಿ, ಉಪಕರಣವನ್ನು ತಳದ ಮೇಲೆ ಇಳಿಸಬೇಕು. ನಾಲ್ಕು ಮೂಲೆಗಳಿಂದ ನಾಲ್ಕು ಸರಪಳಿಗಳನ್ನು ಟ್ರ್ಯಾಕ್ಟರಿನ ಚಾಸಿ ಅಥವಾ ಆಕ್ಸಲ್ಲಿಗೆ ಬಿಗಿದು, ಟರ್ನ್‌ಬಕಲ್‌ನಿಂದ ಎಳೆದು ಗಟ್ಟಿಗೊಳಿಸಬೇಕು. ಸ್ಟಿಯರಿಂಗ್ ಸರಳಿಗಾಗಲಿ ಬಾನೆಟ್ಟಿಗಾಗಲಿ ಕಟ್ಟಬಾರದು. ನೈಲಾನ್ ಹಗ್ಗ ಹಿಗ್ಗುವುದರಿಂದ ಅದನ್ನು ನಂಬುವಂತಿಲ್ಲ. ಹೊರಟು 5 ಕಿ.ಮೀ. ಆದ ಮೇಲೆ ಒಮ್ಮೆ ನಿಂತು ಬಿಗಿತವನ್ನು ಪರೀಕ್ಷಿಸಬೇಕು. ಕೊಂಡಿಯ ಪಿನ್ನಿಗೆ ಬೀಗದ ಕ್ಲಿಪ್ಪು ಹಾಗೂ ಹೆಚ್ಚುವರಿ ಸುರಕ್ಷಾ ಸರಪಳಿ ಕಡ್ಡಾಯವೆಂದೇ ಭಾವಿಸಬೇಕು. ಹುನಗುಂದ, ಇಳಕಲ್ ಮಾರ್ಗದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾರು, ಲಾರಿಗಳು ಟ್ರ್ಯಾಕ್ಟರಿಗಿಂತ ಮೂರು-ನಾಲ್ಕು ಪಟ್ಟು ವೇಗದಲ್ಲಿ ಹಿಂದಿನಿಂದ ಬರುತ್ತವೆ. ಹಿಂಬದಿಯ ದೀಪ ಮತ್ತು ಹೊಳೆಯುವ ಪಟ್ಟಿ ಇಲ್ಲದ ಟ್ರೇಲರನ್ನು ಸಂಜೆಯ ನಂತರ ಅಲ್ಲಿಗೆ ತರಕೂಡದು.

ಕಾಗದಪತ್ರಗಳು

ವರ್ತಕರು ಮುಖ್ಯವಾಗಿ ಅರಿಯಬೇಕಾದ ಸಂಗತಿಯೊಂದಿದೆ. ನಟ್ವರ್ ಪಾರಿಖ್ ಕಂಪನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಕು ಸಾಗಿಸುವ ಟ್ರ್ಯಾಕ್ಟರ್-ಟ್ರೇಲರ್ ಜೋಡಿಯು ಸರಕು ಸಾಗಣೆ ವಾಹನವೇ ಆಗುತ್ತದೆ ಎಂದು ತೀರ್ಪಿತ್ತಿದೆ. ರೈತನೊಬ್ಬ ತನ್ನ ಉತ್ಪನ್ನವನ್ನು ತನ್ನ ಟ್ರೇಲರಿನಲ್ಲಿ ಒಯ್ಯುವುದು ಬೇರೆ. ಮಾರಾಟಗಾರ ಕೃಷಿ ಬಳಕೆಗೆಂದು ನೋಂದಣಿಯಾದ ಟ್ರೇಲರನ್ನು ಬಾಡಿಗೆಗೆ ಪಡೆದು ಯಂತ್ರ ತಲುಪಿಸುವುದು ಬೇರೆ. ಎರಡನೆಯದರಲ್ಲಿ ಪರ್ಮಿಟ್, ತೆರಿಗೆ ಮತ್ತು ವಿಮೆಯ ಪ್ರಶ್ನೆಗಳು ಏಳುತ್ತವೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ನೋಡುವುದು ವಾಹನ ಯಾವ ಬಳಕೆಗೆ ವಿಮೆಗೊಂಡಿತ್ತು ಎಂಬುದನ್ನೇ. ಪರಿಹಾರದ ಹೊಣೆ ಮಾಲೀಕರ ಮೇಲೆ ಬಿದ್ದರೆ ಸಣ್ಣ ಉದ್ಯಮವೊಂದು ಮುಚ್ಚಿಹೋಗಬಹುದು.

ಟ್ರೇಲರಿಗೆ ಪ್ರತ್ಯೇಕ ನೋಂದಣಿ ಅಗತ್ಯ. ಕೊಳ್ಳುವಾಗ ಮಾರಾಟ ಪ್ರಮಾಣಪತ್ರ (ನಮೂನೆ 21) ಹಾಗೂ ತಯಾರಕರ ಪ್ರಮಾಣಪತ್ರ (ನಮೂನೆ 22) ಪಡೆದು, ನಮೂನೆ 20ರಲ್ಲಿ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಮಾರಾಟದ ಯಂತ್ರದ ಬೆಲೆ 50,000 ರೂ. ಮೀರುವುದರಿಂದ ಬಿಲ್ಲಿನ ಜೊತೆಗೆ ಇ-ವೇ ಬಿಲ್ ಕೂಡ ಚಾಲಕನ ಬಳಿ ಇರಬೇಕು.

ತಯಾರಕರಿಗೆ ಅವಕಾಶ

ಟ್ರೇಲರ್ ಕಟ್ಟುವ ಸ್ಥಳೀಯ ವರ್ಕ್‌ಶಾಪುಗಳು ಈ ಬೇಡಿಕೆಯನ್ನು ಗಮನಿಸಬೇಕು. ಎರಡು ಅಡಿಯೊಳಗಿನ ತಳ, ಗಾಲಿ ನಿಲ್ಲುವಲ್ಲಿ ಬಲವಾದ ಅಡ್ಡ ಚಾನಲ್, ಹಿಂಬಾಗಿಲಾಗಿ ಮಡಚಿಕೊಳ್ಳುವ 8 ಅಡಿಯ ಹಲಗೆ, ನಾಲ್ಕು ಮೂಲೆಗಳಲ್ಲಿ ಬೆಸೆದ ಕಟ್ಟುವ ಬಳೆಗಳು ಮತ್ತು ಟ್ರೇಲರಿಗೇ ಬ್ರೇಕು, ಇವಿಷ್ಟನ್ನು ಕೊಟ್ಟರೆ ಗ್ರಾಹಕ ತುಸು ಹೆಚ್ಚಿನ ಬೆಲೆಗೂ ಹಿಂಜರಿಯಲಾರ. ಕೃಷಿ ಟ್ರೇಲರುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 8213 ಮಾನಕವಿದ್ದು, ತಯಾರಕರು ಅದನ್ನು ಅನುಸರಿಸುವುದು ಒಳಿತು. ಹೊರೆಯ ಮಿತಿಯನ್ನು ಫಲಕದ ಮೇಲೆ ಸ್ಪಷ್ಟವಾಗಿ ಕೆತ್ತಿಸಿ ಕೊಡುವ ತಯಾರಕನು ಗ್ರಾಹಕನ ಜೀವವನ್ನೂ ತನ್ನ ಹೆಸರನ್ನೂ ಒಟ್ಟಿಗೆ ಕಾಪಾಡಿಕೊಳ್ಳುತ್ತಾನೆ.