ಎಂಜಿನ್ನಿನ ಒಡಲಿಗೂ ಉಸಿರು ಬೇಕು

ಹಳೆಯ ಕಾರಿನ ಎಂಜಿನ್ನು ಓಡುತ್ತಿರುವಾಗ ಅದರ ನೆತ್ತಿಯ ಮೇಲೆ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳವನ್ನು ಮೆಕ್ಯಾನಿಕನು ತಿರುಗಿಸಿ ತೆಗೆಯುವುದನ್ನು ನೀವು ನೋಡಿರಬಹುದು. ಒಡನೆಯೇ ಆ ಬಾಯಿಯಿಂದ ತೆಳುವಾದ ಬಿಳಿಯ ಹೊಗೆ ಬಿಟ್ಟುಬಿಟ್ಟು ಹೊರಬರುತ್ತದೆ. ಅಲ್ಲಿ ಕೈಯೊಡ್ಡಿದರೆ ಬಿಸಿಗಾಳಿ ತಾಗುತ್ತದೆ. ಅಂಗೈಗೆ ಎಣ್ಣೆಯ ಜಿಡ್ಡು ಹತ್ತುತ್ತದೆ. ಪೆಟ್ರೋಲು ಉರಿಯುವುದು ಸಿಲಿಂಡರಿನೊಳಗೆ. ಉರಿದ ಅನಿಲ ಹೊರಹೋಗಲು ಸೈಲೆನ್ಸರಿನ ದಾರಿಯಿದೆ. ಹೀಗಿರಲು, ಎಣ್ಣೆ ಮಾತ್ರ ಇರಬೇಕಾದ ಎಡೆಯಲ್ಲಿ ಈ ಹೊಗೆ ಎಲ್ಲಿಂದ ಬಂದಿತು? ಅದನ್ನು ಏನು ಮಾಡಬೇಕು? ವೇಗದ ಕಾರುಗಳಲ್ಲಿ ಈ ಪ್ರಶ್ನೆ ಏಕೆ ಹೆಚ್ಚು ಕಠಿನವಾಗುತ್ತದೆ? ಇವನ್ನು ಇಲ್ಲಿ ವಿಚಾರಿಸೋಣ.

ಸೋರಿಕೆಯ ಮೂಲ

ಪಿಸ್ಟನ್ನುಗಳ ಕೆಳಗೆ ಕ್ರ್ಯಾಂಕ್ ದಂಡವು ತಿರುಗುವ ಮುಚ್ಚಿದ ಕೋಶಕ್ಕೆ ಕ್ರ್ಯಾಂಕ್‌ಕೇಸು ಎಂದು ಹೆಸರು. ಅದರ ತಳದಲ್ಲಿ ಕೀಲೆಣ್ಣೆ ನಿಂತಿರುತ್ತದೆ. ಈ ಕೋಶವನ್ನು ನಾವು ಎಂಜಿನ್ನಿನ ಒಡಲು ಎಂದು ಕರೆಯೋಣ.

ಪಿಸ್ಟನ್ನು ಸಿಲಿಂಡರಿನಲ್ಲಿ ಸರಾಗವಾಗಿ ಚಲಿಸಬೇಕಾದರೆ ಎರಡರ ನಡುವೆ ಕಿಂಚಿತ್ತಾದರೂ ತೆರವಿರಬೇಕು. ಆ ತೆರವನ್ನು ಮುಚ್ಚಲು ಪಿಸ್ಟನ್ನಿನ ಸುತ್ತ ಲೋಹದ ಉಂಗುರಗಳನ್ನು ತೊಡಿಸಿರುತ್ತಾರೆ. ಕಾದಾಗ ಹಿಗ್ಗಲು ಎಡೆಯಿರಬೇಕಾದುದರಿಂದ ಪ್ರತಿಯೊಂದು ಉಂಗುರವೂ ಒಂದು ಕಡೆ ಸೀಳಿರುತ್ತದೆ. ದಹನದ ಕ್ಷಣದಲ್ಲಿ ಪಿಸ್ಟನ್ನಿನ ಮೇಲಿನ ಒತ್ತಡ ವಾಯುಮಂಡಲದ ಒತ್ತಡದ ಹತ್ತಾರು ಪಟ್ಟು ಏರುತ್ತದೆ. ಆಗ ಸ್ವಲ್ಪ ಅನಿಲವು ಈ ಸೀಳುಗಳಲ್ಲಿ ನುಸುಳಿ ಒಡಲನ್ನು ಸೇರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿಯೂ ಶೇಕಡ ಒಂದರ ಆಸುಪಾಸಿನ ಸೋರಿಕೆ ತಪ್ಪಿದ್ದಲ್ಲ. ಉಂಗುರಗಳು ಸವೆದಂತೆಲ್ಲ ಅದು ಹೆಚ್ಚುತ್ತದೆ.

ಸೋರಿದ ಅನಿಲದಲ್ಲಿ ಉರಿಯದೆ ಉಳಿದ ಪೆಟ್ರೋಲಿನ ಆವಿ, ಇಂಗಾಲದ ಡೈ ಆಕ್ಸೈಡು, ಸಾರಜನಕದ ಆಕ್ಸೈಡುಗಳು ಮತ್ತು ನೀರಾವಿ ಇರುತ್ತವೆ. ನೀರಾವಿಯ ಮಾತು ಆಶ್ಚರ್ಯವೆನಿಸಬಹುದು. ಆದರೆ ಪೆಟ್ರೋಲಿನ ಹೈಡ್ರೋಜನ್ನು ಉರಿದಾಗ ನೀರೇ ಆಗಬೇಕಷ್ಟೆ. ಲೆಕ್ಕ ಹಾಕಿದರೆ, ಒಂದು ಲೀಟರು ಪೆಟ್ರೋಲು ಪೂರ್ಣವಾಗಿ ಉರಿದಾಗ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆ! ಇದರಲ್ಲಿ ಅಲ್ಪಭಾಗ ಒಡಲನ್ನು ಸೇರಿದರೂ ತಣ್ಣಗಿನ ಗೋಡೆಗಳ ಮೇಲೆ ಹನಿಗಟ್ಟುತ್ತದೆ. ಆಕ್ಸೈಡುಗಳೊಡನೆ ಕೂಡಿ ಆಮ್ಲವಾಗುತ್ತದೆ. ಎಣ್ಣೆಯೊಡನೆ ಕದಡಿ ಜಿಗುಟು ಕೆಸರಾಗುತ್ತದೆ. ಪೆಟ್ರೋಲಿನ ಆವಿ ಎಣ್ಣೆಯನ್ನು ತೆಳುಮಾಡುತ್ತದೆ.

ಒತ್ತಡದ ಉಪದ್ರವ ಬೇರೆ. ಅನಿಲಕ್ಕೆ ದಾರಿಯಿಲ್ಲದೆ ಒಡಲಿನ ಒತ್ತಡ ಹೊರಗಿನದಕ್ಕಿಂತ ವಾಯುಮಂಡಲದ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿತೆಂದು ಭಾವಿಸಿ. ೨೫ ಸೆಂಟಿಮೀಟರು ಅಗಲ, ೪೦ ಸೆಂಟಿಮೀಟರು ಉದ್ದದ ಎಣ್ಣೆತಟ್ಟೆಯ ಮೇಲೆ ಅದು ಸುಮಾರು ೧೦೦ ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತುತ್ತದೆ. ಆಗ ಸಂದುಗಳ ಮುದ್ರೆಗಳು ಬಿಚ್ಚಿ ಎಣ್ಣೆ ಒಸರುವುದು ಸಹಜವೇ. ಆದುದರಿಂದ ಒಡಲು ಉಸಿರಾಡಲೇಬೇಕು.

ಬೀದಿಗೆ ಬಿಟ್ಟ ಉಸಿರು

ಮೊದಲ ಉಪಾಯ ಸುಲಭವಾಗಿತ್ತು. ಒಡಲಿನಿಂದ ಒಂದು ಕೊಳವೆಯನ್ನು ಇಳಿಬಿಟ್ಟು, ಅದರ ತುದಿಯನ್ನು ಕಾರಿನ ಅಡಿಯಲ್ಲಿ ಓರೆಯಾಗಿ ಕತ್ತರಿಸುತ್ತಿದ್ದರು. ಕಾರು ಓಡುವಾಗ ಅಡಿಯಲ್ಲಿ ಹರಿಯುವ ಗಾಳಿ ಆ ತುದಿಯಲ್ಲಿ ಒತ್ತಡವನ್ನು ತಗ್ಗಿಸಿ ಅನಿಲವನ್ನು ಹೊರಕ್ಕೆ ಸೆಳೆಯುತ್ತಿತ್ತು. ಕಾರು ನಿಂತರೆ ಸೆಳೆತವೂ ನಿಲ್ಲುತ್ತಿತ್ತು. ಅದಕ್ಕಿಂತ ದೊಡ್ಡ ದೋಷವೆಂದರೆ ಹೊಲಸೆಲ್ಲ ಬೀದಿಯ ಪಾಲಾಗುತ್ತಿತ್ತು.

ಇದರ ಬೆಲೆ ಎಷ್ಟೆಂಬುದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ತಿಳಿದುಬಂದಿತು. ಕಣ್ಣುರಿ ಹುಟ್ಟಿಸುವ ಕಂದು ಹೊಗೆಮಂಜು ಅಲ್ಲಿ ಕವಿಯುತ್ತಿತ್ತು. ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಅದನ್ನು ಹುಟ್ಟಿಸುತ್ತವೆಯೆಂದು ರಸಾಯನ ವಿಜ್ಞಾನಿ ಹಾಗನ್-ಸ್ಮಿಟ್ ಅವರು ೧೯೫೦ರ ದಶಕದ ಆದಿಯಲ್ಲಿ ತೋರಿಸಿಕೊಟ್ಟರು. ಕಾರು ಹೊರಹಾಕುತ್ತಿದ್ದ ಹೈಡ್ರೋಕಾರ್ಬನ್ನುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಗೆಕೊಳವೆಯದಲ್ಲ, ಒಡಲಿನದು ಎಂಬುದೂ ಮುಂದೆ ಗೊತ್ತಾಯಿತು. ೧೯೬೧ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಒಡಲಿನ ಉಸಿರನ್ನು ಹೊರಬಿಡದೆ ಮತ್ತೆ ಸಿಲಿಂಡರಿಗೇ ಊಡಿ ಉರಿಸುವ ಏರ್ಪಾಡನ್ನು ವಿಧಿಸಿತು. ಆ ದೇಶದಲ್ಲಿ ಕಾರಿನ ಹೊಲಸನ್ನು ತಡೆಯಲು ಕಡ್ಡಾಯವಾದ ಮೊದಲನೆಯ ಸಾಧನವೇ ಇದು. ಇದರ ಕವಾಟವನ್ನು ಪಿ.ಸಿ.ವಿ. ಕವಾಟವೆನ್ನುತ್ತಾರೆ.

ಕವಾಟದ ಕೆಲಸ

ಪೆಟ್ರೋಲು ಎಂಜಿನ್ನಿನ ಥ್ರಾಟಲ್ ಮುಚ್ಚಿದ್ದಾಗ ಅದರಾಚೆಯ ಒಳನಾಳದಲ್ಲಿ ಗಾಳಿ ವಿರಳವಾಗಿರುತ್ತದೆ. ಈ ಭಾಗಶಃ ನಿರ್ವಾತವೇ ಒಡಲಿನ ಅನಿಲವನ್ನು ಸೆಳೆಯುವ ಶಕ್ತಿ. ಆದರೆ ಒಂದು ತೊಡಕಿದೆ. ಎಂಜಿನ್ನು ನಿಂತಲ್ಲೇ ಮೆಲ್ಲನೆ ತಿರುಗುವಾಗ ಸೋರಿಕೆ ಕಡಿಮೆ, ಸೆಳೆತ ಬಲು ಹೆಚ್ಚು. ಥ್ರಾಟಲ್ ಪೂರ್ತಿ ತೆರೆದಾಗ ಸೋರಿಕೆ ಅತ್ಯಧಿಕ, ಸೆಳೆತವಾದರೋ ಶೂನ್ಯಪ್ರಾಯ. ಬೇಕಾದಾಗ ಇಲ್ಲದೆ, ಬೇಡದಾಗ ಬರುವ ಸಹಾಯವಿದು!

ಕವಾಟವು ಇದನ್ನು ಅರ್ಧ ಮಾತ್ರ ಪರಿಹರಿಸುತ್ತದೆ. ಅದರೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ಒಂದು ಬೆಣೆಯಿದೆ. ಸೆಳೆತ ಜೋರಾದಾಗ ಬೆಣೆ ಮುಂದೆ ಸರಿದು ದಾರಿಯನ್ನು ಕಿರಿದುಗೊಳಿಸುತ್ತದೆ. ಸೆಳೆತ ಮಧ್ಯಮವಾದಾಗ ದಾರಿ ಅಗಲವಾಗುತ್ತದೆ. ಒಳನಾಳದಲ್ಲಿ ಕಿಡಿ ಹಿಮ್ಮೆಟ್ಟಿದರೆ ಬೆಣೆ ಹಿಂದಕ್ಕೆ ಕುಳಿತು ದಾರಿಯನ್ನೇ ಮುಚ್ಚುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಕವಾಟ ಸಾಲದು. ಆಗ ಮಿಕ್ಕ ಅನಿಲವು, ಒಡಲಿಗೆ ಹೊಸಗಾಳಿ ತರುವ ಎರಡನೆಯ ಕೊಳವೆಯಲ್ಲಿ ಹಿಂದುಮುಂದಾಗಿ ಹರಿದು ಗಾಳಿಶೋಧಕದ ಕಡೆಯಿಂದ ಎಂಜಿನ್ನನ್ನು ಸೇರುತ್ತದೆ.

ವೇಗದ ಕಾರಿನ ತೊಡಕು

ಸಾಮಾನ್ಯ ಕಾರಿಗೆ ಇಷ್ಟು ಸಾಕು. ವೇಗದ ಕಾರಿಗೆ ಏಕೆ ಸಾಲದೆಂಬುದಕ್ಕೆ ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ೧೯೯೭ರ ಕಾರ್ವೆಟ್ಟಿನೊಡನೆ ಎಲ್‌ಎಸ್-೧ ಎಂಬ ೫.೭ ಲೀಟರಿನ ಎಂಜಿನ್ನು ಬಂದಿತು. ಅದರ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರ ಎರಡು ಸಾಲುಗಳಾಗಿ, ನಡುವೆ ೯೦ ಡಿಗ್ರಿ ಕೋನವಿರುವಂತೆ ವಾಲಿ ನಿಂತಿವೆ. ಅಂದರೆ ಪ್ರತಿಯೊಂದು ಸಾಲೂ ನೆಟ್ಟನೆಯ ರೇಖೆಯಿಂದ ೪೫ ಡಿಗ್ರಿ ಹೊರಕ್ಕೆ ಬಾಗಿದೆ. ಸಾಲುಗಳ ತುದಿಯಲ್ಲಿ ಕವಾಟಗಳನ್ನು ಮುಚ್ಚುವ ಹೊದಿಕೆಗಳಿವೆ. ಎಲ್‌ಎಸ್-೧ರಲ್ಲಿ ಒಡಲಿನ ಅನಿಲವನ್ನು ಸೆಳೆಯುತ್ತಿದ್ದುದು ಈ ಹೊದಿಕೆಗಳಿಂದ.

ಈಗ ಕಾರು ಅತಿವೇಗದಲ್ಲಿ ತಿರುವನ್ನು ಹಾಯುತ್ತಿದೆಯೆನ್ನಿ. ಅದರ ಪಾರ್ಶ್ವದ ವೇಗೋತ್ಕರ್ಷ ಗುರುತ್ವದಷ್ಟೇ ಆದರೆ, ಕಾರಿನೊಳಗಿನ ಎಣ್ಣೆಗೆ 'ಕೆಳಗು' ಎಂಬುದು ನೇರ ಕೆಳಗಾಗಿ ಉಳಿಯುವುದಿಲ್ಲ. ತಿರುವಿನ ಹೊರಬದಿಗೆ ೪೫ ಡಿಗ್ರಿ ಓರೆಯಾಗುತ್ತದೆ. ಕಾಗದದ ಮೇಲೆ ಚಿತ್ರ ಬರೆದು ನೋಡಿ. ಹೊರಬದಿಯ ಸಿಲಿಂಡರು ಸಾಲು ಈ ಹೊಸ 'ಕೆಳಗಿ'ಗೆ ಸರಿಯಾಗಿ ಲಂಬವಾಗಿದೆ. ಎಣ್ಣೆಯ ಪಾಲಿಗೆ ಆ ಸಾಲು ನೆಲದ ಮೇಲೆ ಅಡ್ಡಲಾಗಿ ಮಲಗಿದಂತೆಯೇ ಸರಿ! ಹೊದಿಕೆಗೆ ಏರಿದ ಎಣ್ಣೆ ಹಿಂದಿರುಗಿ ತಳಕ್ಕೆ ಹರಿಯದೆ ಅಲ್ಲಿಯೇ ಮಡುಗಟ್ಟುತ್ತದೆ. ತಿರುವಿನ ಮುನ್ನ ಚಾಲಕನು ಥ್ರಾಟಲನ್ನು ಮುಚ್ಚಿರುತ್ತಾನೆ; ಎಂಜಿನ್ನು ಇನ್ನೂ ವೇಗವಾಗಿ ತಿರುಗುತ್ತಿರುವುದರಿಂದ ಸೆಳೆತ ಆಗಲೇ ಅತ್ಯಧಿಕ. ಅನಿಲದ ಬದಲು ಎಣ್ಣೆಯೇ ಒಳನಾಳಕ್ಕೆ ಸೇರುತ್ತದೆ. ಎಣ್ಣೆಗೆ ಪೆಟ್ರೋಲಿನಷ್ಟು ಆತ್ಮದಹನ ನಿರೋಧವಿಲ್ಲ. ಅದು ಬೆರೆತ ಮಿಶ್ರಣ ಹೊತ್ತಿಗೆ ಮುನ್ನವೇ ಸಿಡಿದು ಪಿಸ್ಟನ್ನನ್ನು ಕುಟ್ಟುತ್ತದೆ. ಇತ್ತ ತಳದಲ್ಲಿ ಎಣ್ಣೆ ತಗ್ಗಿ ಪಂಪು ಗಾಳಿಯನ್ನು ಹೀರಿದರೆ ಬೇರಿಂಗುಗಳು ಕೆಲವೇ ಕ್ಷಣಗಳಲ್ಲಿ ಹಾಳಾಗಬಲ್ಲವು.

ಒಡಲೊಳಗಿನ ಬಿರುಗಾಳಿ

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಈ ಎಂಜಿನ್ನಿನ ಒಡಲು ಬೇರಿಂಗುಗಳನ್ನು ಹೊತ್ತ ಅಡ್ಡಗೋಡೆಗಳಿಂದ ನಾಲ್ಕು ಕೋಣೆಗಳಾಗಿದೆ. ಪ್ರತಿಯೊಂದು ಕೋಣೆಯ ಮೇಲೆ ಎರಡು ಪಿಸ್ಟನ್ನುಗಳು ಆಡುತ್ತವೆ. ಸಿಲಿಂಡರಿನ ವ್ಯಾಸ ೯೯ ಮಿಲಿಮೀಟರು, ಪಿಸ್ಟನ್ನಿನ ನಡೆ ೯೨ ಮಿಲಿಮೀಟರು. ಒಂದು ಪಿಸ್ಟನ್ನು ಸರಿಸುವ ಗಾತ್ರ ಸುಮಾರು ೭೦೮ ಘನ ಸೆಂಟಿಮೀಟರು. ಎರಡು ಪಿಸ್ಟನ್ನುಗಳ ಚಲನೆಗಳ ನಡುವೆ ಕಾಲು ಸುತ್ತಿನ ಅಂತರವಿರುವುದರಿಂದ ಕೋಣೆಯ ಗಾತ್ರ ಏರಿಳಿಯುವುದು ಇದರ ಸುಮಾರು ೧.೪ ಪಟ್ಟು, ಅಂದರೆ ಒಂದು ಲೀಟರು. ನಿಮಿಷಕ್ಕೆ ೬,೫೦೦ ಸುತ್ತುಗಳ ವೇಗದಲ್ಲಿ ಈ ಏರಿಕೆ ಅಥವಾ ಇಳಿಕೆ ಒಂದೊಂದೂ ಸೆಕೆಂಡಿನ ೨೧೭ನೆಯ ಒಂದು ಭಾಗದಲ್ಲಿ ಮುಗಿಯುತ್ತದೆ. ಎಂಟು ಪಿಸ್ಟನ್ನುಗಳನ್ನೂ ಒಟ್ಟಿಗೆ ಎಣಿಸಿದರೆ ಒಡಲಿನ ಒಟ್ಟು ಗಾತ್ರ ಬದಲಾಗುವುದೇ ಇಲ್ಲ; ಒಂದು ಕೋಣೆ ಕುಗ್ಗಿದಾಗ ಇನ್ನೊಂದು ಹಿಗ್ಗಿರುತ್ತದೆ. ಆದರೆ ಕೋಣೆಯಿಂದ ಕೋಣೆಗೆ ಗಾಳಿ ನುಗ್ಗಲೇಬೇಕು. ಎಡೆ ಸಾಲದಿದ್ದರೆ ಅದು ಎಣ್ಣೆಯ ಮೇಲೆ ಅಪ್ಪಳಿಸಿ ಹನಿಹನಿಯಾಗಿ ಎರಚುತ್ತದೆ. ಆ ಶ್ರಮದಲ್ಲಿ ಎಂಜಿನ್ನಿನ ಶಕ್ತಿಯೂ ವ್ಯಯವಾಗುತ್ತದೆ.

೨೦೦೧ರ ಕಾರ್ವೆಟ್ ಝಡ್-೦೬ರಲ್ಲಿ ಬಂದ ಎಲ್‌ಎಸ್-೬ ಎಂಜಿನ್ನಿನಲ್ಲಿ ಇವೆರಡಕ್ಕೂ ಮದ್ದು ದೊರೆಯಿತು. ಅಡ್ಡಗೋಡೆಗಳಲ್ಲಿ ಎರಕದಲ್ಲಿಯೇ ಕಿಟಕಿಗಳನ್ನು ಬಿಟ್ಟು ಗಾಳಿಯ ಹಾದಿಯನ್ನು ಸುಗಮಗೊಳಿಸಿದರು. ಅನಿಲವನ್ನು ಸೆಳೆಯುವ ಸ್ಥಾನವನ್ನು ಹೊದಿಕೆಗಳಿಂದ ತೆಗೆದು ಎರಡು ಸಾಲುಗಳ ನಡುವಣ ಕಣಿವೆಯ ಮುಚ್ಚಳಕ್ಕೆ ಸಾಗಿಸಿದರು. ಅಲ್ಲಿ ಎಣ್ಣೆಯನ್ನು ತಡೆಯುವ ಅಡ್ಡಹಲಗೆಗಳನ್ನು ಇಟ್ಟರು. ಕಾರು ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ನಡುವಿನ ಕಣಿವೆಯಲ್ಲಿ ಎಣ್ಣೆ ಮಡುಗಟ್ಟುವುದಿಲ್ಲ. ಎಂಜಿನ್ನಿನ ಶಕ್ತಿ ೩೪೫ ಅಶ್ವಶಕ್ತಿಯಿಂದ ೩೮೫ಕ್ಕೆ ಏರಿತು. ಇದರ ಕೀರ್ತಿ ಮುಖ್ಯವಾಗಿ ಇತರ ಮಾರ್ಪಾಡುಗಳಿಗೆ ಸಲ್ಲಬೇಕು. ಆದರೆ ಒಡಲಿನ ಉಸಿರು ಸರಿಯಾಗದೆ ಆ ಶಕ್ತಿಯನ್ನು ತಿರುವುಗಳಲ್ಲಿ ನೆಚ್ಚುವಂತಿರಲಿಲ್ಲ.

ತೂರುವ ವಿದ್ಯೆ

ಕಾರಿನ ಎಂಜಿನ್ನನ್ನು ತಾವೇ ಮಾರ್ಪಡಿಸುವ ಹವ್ಯಾಸಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಎಣ್ಣೆ ಹಿಡಿಯುವ ಡಬ್ಬಿಯದು. ಒಡಲಿಗೂ ಒಳನಾಳಕ್ಕೂ ನಡುವಿನ ಕೊಳವೆಯಲ್ಲಿ ಅದನ್ನು ಕೂಡಿಸುತ್ತಾರೆ. ನಮ್ಮ ಕಣದಲ್ಲಿ ರೈತನು ತೂರುವುದನ್ನು ನೆನೆಯಿರಿ. ಹಗುರವಾದ ಹೊಟ್ಟು ಗಾಳಿಯೊಡನೆ ಸಾಗುತ್ತದೆ. ಭಾರದ ಕಾಳು ಕೆಳಗೆ ಬೀಳುತ್ತದೆ. ಡಬ್ಬಿಯಲ್ಲಿಯೂ ಅನಿಲವು ಅಡ್ಡಹಲಗೆಗಳನ್ನು ಸುತ್ತಿ ಸುಲಭವಾಗಿ ತಿರುಗುತ್ತದೆ. ಎಣ್ಣೆಯ ಹನಿಗಳು ಜಡತ್ವದಿಂದ ನೇರವಾಗಿ ಹೋಗಿ ಹಲಗೆಗೆ ಬಡಿದು ತಳಕ್ಕಿಳಿಯುತ್ತವೆ. ಆಗಾಗ ಬರಿದುಮಾಡದಿದ್ದರೆ ಡಬ್ಬಿಯಿದ್ದೂ ಪ್ರಯೋಜನವಿಲ್ಲ. ಒಳಗೆ ಕೊಳೆಯಾದ ಖಾಲಿ ಡಬ್ಬಿಯೂ ಸಲ್ಲದು. ಹನಿಯನ್ನು ತಡೆಯುವ ಹಲಗೆಯೋ ಜಾಲರಿಯೋ ಇರಲೇಬೇಕು.

ಟರ್ಬೊ ಎಂಜಿನ್ನಿನಲ್ಲಿ ಮತ್ತೊಂದು ಎಚ್ಚರ ಬೇಕು. ಅಲ್ಲಿ ಒಳನಾಳದ ಒತ್ತಡ ವಾಯುಮಂಡಲವನ್ನು ಮೀರುತ್ತದೆ. ಕವಾಟ ಬಿಗಿಯಾಗಿ ಮುಚ್ಚದಿದ್ದರೆ ಆ ಒತ್ತಡ ಒಡಲಿಗೇ ನುಗ್ಗುತ್ತದೆ. ಆದುದರಿಂದ ಒಂದೇ ದಿಕ್ಕಿಗೆ ಬಿಡುವ ಗಟ್ಟಿಮುಟ್ಟಾದ ಕವಾಟ ಅಲ್ಲಿ ಅತ್ಯಾವಶ್ಯಕ. ಇನ್ನೂ ಮುಂದೆ ಹೋದವರು ಎಣ್ಣೆಯನ್ನು ಒಡಲಿನಲ್ಲಿ ನಿಲ್ಲಗೊಡದೆ ಪಂಪುಗಳಿಂದ ಹೀರಿ ಪ್ರತ್ಯೇಕ ತೊಟ್ಟಿಯಲ್ಲಿಡುತ್ತಾರೆ. ೨೦೦೬ರ ಝಡ್-೦೬ರ ೭ ಲೀಟರಿನ ಎಂಜಿನ್ನು ಈ ಬಗೆಯದು.

ಇಷ್ಟೆಲ್ಲ ಶ್ರಮವೇಕೆ, ಕೊಳವೆಯನ್ನು ಕಿತ್ತು ಗಾಳಿಗೆ ಬಿಟ್ಟರಾಗದೆ ಎಂದು ಕೇಳುವವರುಂಟು. ಹಾಗೆ ಮಾಡಿದರೆ ಒಳನಾಳವೇನೋ ಶುದ್ಧವಾಗಿ ಉಳಿಯುತ್ತದೆ. ಆದರೆ ಒಡಲಿಗೆ ಸೆಳೆತ ತಪ್ಪಿ, ನೀರಾವಿ ಅಲ್ಲಿಯೇ ನಿಂತು ಎಣ್ಣೆ ಕೆಡುತ್ತದೆ; ಹಿಂದೆ ಲಾಸ್ ಏಂಜಲೀಸನ್ನು ಕವಿದ ವಿಷ ನಮ್ಮ ಬೀದಿಗೆ ಬರುತ್ತದೆ. ಭಾರತದ ನಿಯಮವೂ ಪೆಟ್ರೋಲು ಕಾರಿನ ಒಡಲಿನ ಅನಿಲ ಹೊರಗಾಳಿಗೆ ಸೇರುವುದನ್ನು ಒಪ್ಪುವುದಿಲ್ಲ. ಅನಿಲ ಹೊರಡಬೇಕು, ಎಣ್ಣೆ ಉಳಿಯಬೇಕು, ಹೊರಟ ಅನಿಲ ಉರಿದೇ ಹೋಗಬೇಕು. ಈ ಮೂರನ್ನೂ ಒಟ್ಟಿಗೆ ಸಾಧಿಸಿದ ಮಾರ್ಪಾಡು ಮಾತ್ರ ಸುಧಾರಣೆಯೆನಿಸೀತು. ಉಳಿದುದೆಲ್ಲ ನಮ್ಮ ಮನೆಯ ಕಸವನ್ನು ನೆರೆಯವರ ಅಂಗಳಕ್ಕೆ ಗುಡಿಸಿದಂತೆ.